ಒಂಬತ್ತು ದಿನ ತಿಕ್ಕಿಸಿಕೊಂಡ ಕಾಲು

ಇದನ್ನು ಬರೆಯಬೇಕೆಂದು ಅಂದುಕೊಂಡೇ ಎರಡು ವರ್ಷ ಕಳೆದವು. ತಡವಾದದ್ದು ಸೋಮಾರಿತನದಿಂದಲ್ಲ, ನಮ್ಮ ಅತ್ತೆಯ ಸಲುವಾಗಿ. ನನ್ನ ಕಾಲಿಗೆ ಏನಾಯಿತು ಎಂದು ಹೇಳಲು ಕುಳಿತರೆ ಅವರ ಕೈಗಳ ವಿಷಯ ಬಂದೇ ಬರುತ್ತದೆ. ಅದನ್ನು ಬಿಟ್ಟು ಬರೆದು ನೋಡಿದೆ. ನಾಲ್ಕು ಸಾಲಿಗೇ ಅದು ಔಷಧಿ ಅಂಗಡಿಯ ಚೀಟಿಯಾಯಿತು, ಹರಿದು ಹಾಕಿದೆ.

ನಾನು ಗಡಿಗೆ ಹತ್ತಿದ ಮರಾಠಿ ಸೀಮೆಯ ವಳಸಂಗದ ಕನ್ನಡ ಸಾಲೆಯಲ್ಲಿ ಶಿಕ್ಷಕಿ. ಮನೆ ಇರುವುದು ಸೋನ್ಯಾಳದಲ್ಲಿ, ಊರ ಹೊರಗಿನ ಹೊಲದಲ್ಲಿ. ಗಂಡನ ಮನೆಯವರದು ಕುರಿ ಕಾಯುವ ಮನೆತನ. ಅತ್ತೆ ಮಾಳವ್ವನ ಕೈಗುಣವೆಂದರೆ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತು. ಬಾಣಂತಿಯರ ಮೈ ತಿಕ್ಕುವುದು, ಕೂಸಿಗೆ ಎರೆಯುವುದು, ಉಳುಕು ತೆಗೆಯುವುದು, ಕಾಲು ಮುರಿದ ಮರಿಗೆ ಬಿದಿರ ಸೀಳು ಕಟ್ಟಿ ಕುಂಟದ ಹಾಗೆ ಮಾಡುವುದು, ಎಲ್ಲವೂ ಅವರದೇ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಕೈಯ ಗುಣ ಹೋಗುತ್ತದೆ ಎನ್ನುವುದು ಅವರ ನಂಬಿಕೆ. ಸಾಲೆ ಕಲಿಸುವ ಸೊಸೆ ಬಂದಳೆಂದು ಮೊದಮೊದಲು ನನ್ನನ್ನು ಕಂಡರೆ ಬಿಗಿಯಾಗಿದ್ದ ಅತ್ತೆ, ನನ್ನ ಮಗಳು ಹುಟ್ಟಿ ನಾನು ಅವರ ಕೈಗೆ ಸಿಕ್ಕ ಮೇಲೆ ಸಡಿಲಾದರು. ಮಾತಿನಲ್ಲಿ ಪ್ರೀತಿ ತೋರಿಸಲು ಅವರಿಗೆ ಬಾರದು. ಎಣ್ಣೆ ಕಾಸಿದರೆ ಅದೇ ಅವರ ಪ್ರೀತಿ.

ಆ ವರ್ಷ ಸಾಲೆಯಿಂದ ಗಂಡ ಬೀರಪ್ಪನ ಬೈಕಿನ ಮೇಲೆ ಬರುವಾಗ ಯಾರದೋ ಹಿಂಡಿನಿಂದ ಒಂದು ಟಗರು ರಸ್ತೆಗೆ ನುಗ್ಗಿತು. ಇವರು ಬ್ರೇಕ್ ಹಾಕಿದರು, ನಾನು ಬಿದ್ದೆ. ಕುರಿಯವರ ಸೊಸೆಯನ್ನು ಟಗರೇ ಬೀಳಿಸಿತು ಎಂದು ಊರೆಲ್ಲ ನಕ್ಕಿತು, ನಾನೂ ನಕ್ಕೆ. ಹಿಮ್ಮಡಿಯ ಮೇಲಿನ ಎಲುಬು ಸೀಳಿತ್ತು. ಎಡಗಾಲಿಗೆ ಐದು ವಾರ ಪ್ಲಾಸ್ಟರ್. ನಾನು ಸುಮ್ಮನೆ ಕೂರುವವಳಲ್ಲ, ಆದರೆ ಅತ್ತೆ ನೆಲಕ್ಕೆ ಕಾಲು ಇಡಲು ಬಿಡಲಿಲ್ಲ. ಹೊರಸಿನ ಮೇಲೆಯೇ ಊಟ, ಹೊರಸಿನ ಮೇಲೆಯೇ ಮಕ್ಕಳ ವಹಿ ತಿದ್ದುವುದು. ಇಷ್ಟು ಚಾಕರಿ ಯಾವ ಸೊಸೆಗೆ ಸಿಕ್ಕೀತು ಎಂದು ನೋಡಲು ಬಂದ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು.

ಪ್ಲಾಸ್ಟರ್ ಕತ್ತರಿಸಿದ ನಾಲ್ಕನೆಯ ದಿನಕ್ಕೆ ಮೀನಖಂಡ ಊದಿಕೊಂಡಿತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಇಷ್ಟು ದಿನ ಕಟ್ಟಿಟ್ಟ ಕಾಲು, ಬಿಟ್ಟ ಮೇಲೆ ಊದದೆ ಏನಾದೀತು ಎಂದು ನಾನೇ ಅಂದೆ. ಅತ್ತೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡಿದರು.

“ರಕ್ತ ನಿಂತೈತಿ ಇಲ್ಲಿ” ಅಂದರು. “ತಿಕ್ಕಿದ್ರ ಹರೀತೈತಿ. ಏನ ಅಂಜಬ್ಯಾಡ.”

ಕಾಯಿಲೆ ಏನೆಂದು ಅವರು ಸರಿಯಾಗಿಯೇ ಹೇಳಿದ್ದರು. ರಕ್ತ ನಿಂತದ್ದು ನಿಜ. ತಿಕ್ಕಿದರೆ ಹರಿಯುತ್ತದೆ ಎಂಬುದೂ ನಿಜ. ಎಲ್ಲಿಗೆ ಹರಿಯುತ್ತದೆ ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಒಂಬತ್ತು ದಿನ ತಿಕ್ಕಿದರು. ಔಡಲೆಣ್ಣೆಗೆ ಬಳ್ಳೊಳ್ಳಿ, ಅಜವಾನ ಹಾಕಿ ಕಾಸಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಎರಡೂ ಹೆಬ್ಬೆರಳಿಂದ ಒತ್ತುತ್ತ ಮೇಲೆ ಮೇಲೆ ಬರುತ್ತಿದ್ದರು. ನೋವಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. “ತಡಕೋ, ಗಂಟ ಕೈಗೆ ಸಿಕ್ಕೈತಿ, ಒಡೀತೀನಿ” ಅನ್ನುತ್ತಿದ್ದರು. ತಿಕ್ಕಿ ಮುಗಿದ ಮೇಲೆ ಹಗುರವೂ ಅನಿಸುತ್ತಿತ್ತು. ಒಂಬತ್ತನೆಯ ದಿನ ಊತ ಸ್ವಲ್ಪ ಇಳಿದಂತೆ ಕಂಡಾಗ ಅತ್ತೆ ನಕ್ಕರು, ಅವರು ನಗುವುದು ಅಪರೂಪ. ನಾನು ಮರುದಿನವೇ ಸಾಲೆಗೆ ಹೊರಟೆ.

ಹಾಜರಿ ತೆಗೆಯುತ್ತಿದ್ದೆ. ಏಳೆಂಟು ಹೆಸರು ಕೂಗಿರಬೇಕು, ಮುಂದಿನ ಹೆಸರಿಗೆ ಉಸಿರು ಸಾಲಲಿಲ್ಲ. ಬೆನ್ನಿನ ಎಡಕ್ಕೆ, ಪಕ್ಕೆಲುಬಿನ ಕೆಳಗೆ, ಉಸಿರು ಎಳೆದಾಗೊಮ್ಮೆ ಚುಚ್ಚುತ್ತಿತ್ತು. ಮೆಟ್ಟಿಲು ಹತ್ತಿಲ್ಲ, ಓಡಿಲ್ಲ, ಕುರ್ಚಿಯಲ್ಲಿ ಕುಳಿತೇ ಇದ್ದೇನೆ. ಆದರೂ ಎದೆ ಓಡಿ ಬಂದವಳ ಎದೆಯಂತೆ ಬಡಿಯುತ್ತಿದೆ. ಮುಖ್ಯಾಧ್ಯಾಪಕರು ಗ್ಯಾಸ್ ಇರಬೇಕೆಂದು ಜೀರಿಗೆ ಸೋಡಾ ತರಿಸಿದರು. ನನಗೂ ಗ್ಯಾಸೇ ಇರಲಿ ಎಂದು ಆಸೆ. ಸೋಡಾ ಕುಡಿದು ತೇಗಲು ಹೋದೆ, ತೇಗುವಷ್ಟೂ ಗಾಳಿ ಒಳಗಿರಲಿಲ್ಲ. ಆಗ ಅಂಜಿದೆ. ಬೀರಪ್ಪನಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದೆ, “ಲಗೂನ ಬರ್ರಿ.”

ನನ್ನನ್ನು ದವಾಖಾನೆಗೆ ಒಯ್ಯುವ ಜೀಪಿನಲ್ಲಿ ಅತ್ತೆಯೂ ಬಂದರು. ಜತ್ತದ ಡಾಕ್ಟರು ಚಿಕ್ಕ ವಯಸ್ಸಿನವರು, ಮರಾಠಿ ಕಡೆಯವರು, ಕನ್ನಡ ಹರಕು ಮುರುಕು. ಬೆರಳಿಗೆ ಕ್ಲಿಪ್ ಹಾಕಿದರು, ಎದೆಗೆ ಕಿವಿಗೊಳವೆ ಇಟ್ಟರು. ನನಗೆ ಸಮಾಧಾನವಾಗುತ್ತಿತ್ತು, ಎದೆ ನೋವಿಗೆ ಎದೆ ನೋಡುತ್ತಿದ್ದಾರೆ ಎಂದು. ಅಷ್ಟರಲ್ಲಿ ಸೀರೆ ಮೊಣಕಾಲಿಗೆ ಎತ್ತಲು ಹೇಳಿ, ಟೇಪು ತಂದು ಎರಡೂ ಮೀನಖಂಡ ಅಳೆದರು. ಎಡದ್ದು ಎರಡು ಬೆರಳಿನಷ್ಟು ದಪ್ಪ ಇತ್ತು. ಅವರ ಮುಖ ಬದಲಾದದ್ದು ಅಲ್ಲಿ.

“ಮಾಲಿಶ ಕೇಲಂ ಕಾ?” ಎಂದು ಕೇಳಿದರು. ಆಮೇಲೆ ಕನ್ನಡದಲ್ಲಿ, “ಕಾಲ ತಿಕ್ಕಿದ್ರ್ಯಾ?”

ಅತ್ತೆ ನನ್ನ ಮಗ್ಗುಲಲ್ಲೇ ನಿಂತಿದ್ದರು. ಕೇಳಿದ ದನಿಯಲ್ಲೇ ನನಗೆ ಏನೋ ತಿಳಿಯಿತು. “ಇಲ್ಲರಿ” ಅಂದೆ.

ಅತ್ತೆ ಬಾಯಿ ತೆರೆದರು. ನಾನು ಅವರಿಗೆ ನೀರು ತರಲು ಹೇಳಿ ಕಳಿಸಿದೆ. ಅವರು ಬಾಗಿಲು ದಾಟಿದ ಮೇಲೆ ಹೇಳಿದೆ, “ಒಂಬತ್ತು ದಿನ ತಿಕ್ಯಾರ್ರಿ, ಸರ. ಆಕಿ ಮುಂದ ಏನೂ ಅನಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ.” ಸಾಯುತ್ತೇನೋ ಏನೋ ಎಂಬ ಹೊತ್ತಿನಲ್ಲಿ ಇಂಥ ಸುಳ್ಳು ಯಾಕೆ ಹೊಳೆಯಿತೋ ಗೊತ್ತಿಲ್ಲ. ಡಾಕ್ಟರು ಬೈಯಲಿಲ್ಲ.

ಅವರು ಹೇಳಿದ್ದು ಇಷ್ಟು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದರ ತುಣುಕು ಕಿತ್ತು ಪುಪ್ಪುಸಕ್ಕೆ ಹೋಗಿರಬಹುದು. ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಜತ್ತದಲ್ಲೇ ಆಗುತ್ತದೆ, ಸ್ಕ್ಯಾನಿಗೆ ಮಾತ್ರ ಮಿರಜಕ್ಕೆ ಹೋಗಬೇಕು. ಅಲ್ಲಿಗೆ ಫೋನ್ ಮಾಡಿ ಗಾಡಿಯ ಏರ್ಪಾಡು ಮಾಡುತ್ತೇನೆ, ಅಷ್ಟರೊಳಗೆ ರಕ್ತದ ರಿಪೋರ್ಟೂ ಬರಲಿ ಎಂದರು.

“ಅದರಾಗ ಗಂಟ ಐತೋ ಇಲ್ಲೋ ಗೊತ್ತಾಗ್ತೈತೇನ್ರಿ?” ಎಂದೆ.

“ಐತಿ ಅಂತ ಅದು ಹೇಳಂಗಿಲ್ಲ, ತಾಯಿ. ಕಾಲ ಮುರದಿದ್ರೂ ಅದು ಏರ್ತೈತಿ, ಜ್ವರ ಬಂದ್ರೂ ಏರ್ತೈತಿ. ಕಡಿಮಿ ಬಂದ್ರ ಗಂಟ ಇಲ್ಲ ಅನ್ನಾಕ ಆಧಾರ ಸಿಗ್ತೈತಿ. ಅಷ್ಟ ಅದರ ಕೆಲಸ.”

ಇಪ್ಪತ್ತು ವರ್ಷ ಪರೀಕ್ಷೆ ಮಾಡಿದವಳು ನಾನು, ಇಂಥ ಪರೀಕ್ಷೆ ಕಂಡಿರಲಿಲ್ಲ. ಅದರಲ್ಲಿ ನಾಪಾಸಾಗಲಿ ಎಂದು ಬೇಡಿಕೊಳ್ಳಬೇಕು.

ನೀಲಿ ಮುಚ್ಚಳದ ಸಣ್ಣ ಕೊಳವೆಗೆ ರಕ್ತ ತೆಗೆದರು. ಲ್ಯಾಬಿನ ಹೊರಗಿನ ಬಾಕಿನ ಮೇಲೆ ಒಂದು ತಾಸಿಗಿಂತ ಹೆಚ್ಚು ಕಾದೆವು. ಮೂಗಿಗೆ ಆಕ್ಸಿಜನ್ ನಳಿಗೆ, ಪಕ್ಕದಲ್ಲಿ ಸಿಲಿಂಡರು. ಹೋಗುವವರು ಬರುವವರು ಎಲ್ಲರೂ ಮೊದಲು ಸಿಲಿಂಡರ್ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ಎದುರಿಗೆ ಡಫಳಾಪುರದ ಒಬ್ಬ ಅಜ್ಜ ಸಕ್ಕರೆ ಕಾಯಿಲೆಗೆ ಉಂಡ ಮೇಲೆ ಕೊಡುವ ಎರಡನೆಯ ರಕ್ತ ಕೊಡಲು ಕುಳಿತಿದ್ದ. ಬುತ್ತಿ ತೊಡೆಯ ಮೇಲೇ ಇತ್ತು. ಮೊಣಕಾಲು ನೋವು ಎಂದು ಅವನು ಅಂದದ್ದೇ ತಡ, ಅತ್ತೆ ನೆಲಕ್ಕೆ ಕುಳಿತು ಅವನ ಕಾಲು ಹಿಡಿದರು.

“ಕಾಲ ಚಾಚ್ರಿ, ಯಜಮಾನ್ರ. ನಮ್ಮ ಸೊಸೀದೂ ಹಿಂಗ ಊದಿತ್ತು, ನಾನ ಇಳಿಸೀನಿ. ಈಗ ಎದ್ಯಾಗ ಏನೋ ಗ್ಯಾಸ್ ಹಿಡದೈತಿ, ಅದಕ ಬಂದೀವಿ.”

“ಭಾಳ ಚಲೋ ಕೈ ಐತಿ ನಿಂದು” ಎಂದು ಅಜ್ಜ ಕಣ್ಣು ಮುಚ್ಚಿದ.

ಬೀರಪ್ಪ ನನ್ನ ಮುಖ ನೋಡಿದರು. ಅವರಿಗೆ ನಾನು ಮಾಲಿಶಿನ ಮಾತು ಹೇಳಿಯಾಗಿತ್ತು. ಇಬ್ಬರೂ ಅತ್ತೆಯ ಬೆರಳುಗಳು ಆ ಮುದುಕನ ಮೊಣಕಾಲಿನ ಸುತ್ತ ಆಡುವುದನ್ನೇ ನೋಡುತ್ತ ಕುಳಿತೆವು. ನನಗೆ ಅಳು ಬಂತು. ಅತ್ತರೆ ಉಸಿರು ಸಾಲುತ್ತಿರಲಿಲ್ಲ, ಹಾಗಾಗಿ ಅಳಲಿಲ್ಲ.

ರಿಪೋರ್ಟು ಬಂತು. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಡಾಕ್ಟರು ಅದನ್ನು ಎರಡು ಸಲ ಓದಿ, “ಇಲ್ಲ ಅನ್ನಾಕ ಬರಲಿಲ್ಲ. ಮಿರಜಕ್ಕ ನಡೀರಿ” ಅಂದರು. ಹೊಟ್ಟೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಕಾಲು ಆಡಿಸಬೇಡಿ, ಯಾರೂ ಮುಟ್ಟಬೇಡಿ ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಅತ್ತೆಯ ಕಡೆ ನೋಡದಿರಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು.

ಆ ದಾರಿಯ ಬಗ್ಗೆ ಹೆಚ್ಚು ಬರೆಯಲಾರೆ. ಗಾಡಿ ಎತ್ತಿ ಹಾಕಿದಾಗೊಮ್ಮೆ ಈಗ ಕಿತ್ತಿತು, ಈಗ ಕಿತ್ತಿತು ಅನಿಸುತ್ತಿತ್ತು. ನನ್ನ ಹತ್ತು ವರ್ಷದ ಮಗಳಿಗೆ ಬೆಳಿಗ್ಗೆ ಜಡೆ ಬಿಗಿಯಾಗಿ ಹಾಕಿದ್ದಕ್ಕೆ ಅತ್ತಿದ್ದಳು, ಬೈದಿದ್ದೆ. ಕೊನೆಯ ಮಾತು ಬೈಗುಳವೇ ಆಯಿತಲ್ಲ ಎಂದು ಒಂದೇ ಸಮನೆ ಅದನ್ನೇ ನೆನೆಯುತ್ತಿದ್ದೆ. ಡಫಳಾಪುರ ದಾಟುವಾಗ ಬೀರಪ್ಪ ಕಿಟಕಿಯ ಕಡೆ ತಿರುಗಿ ಕುಳಿತರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಬೀರಪ್ಪನ ಅಕ್ಕ ಶಾಂತವ್ವನನ್ನು ನಾನು ಕಂಡವಳಲ್ಲ. ನನ್ನ ಮದುವೆಗೆ ಮೊದಲೇ, ಹೆರಿಗೆಯಾದ ಹನ್ನೆರಡನೆಯ ದಿನ, ಒಮ್ಮೆಲೇ ಉಸಿರು ಹಿಡಿದು, ಮಿರಜಕ್ಕೆ ಒಯ್ಯುವಾಗ ಇಲ್ಲೇ ಟೆಂಪೋದಲ್ಲಿ ತೀರಿಕೊಂಡಿದ್ದಳು. ಬಾಣಂತಿಗೆ ಗಾಳಿ ಬಡಿಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಗಾಳಿ ಎಂದರೆ ಏನೆಂದು ನಾನೂ ಕೇಳಿರಲಿಲ್ಲ. ಆ ಹೊತ್ತಿನಲ್ಲೂ ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ನನಗೆ ಇರಲಿಲ್ಲ.

ಮಿರಜದ ಸ್ಕ್ಯಾನಿನಲ್ಲಿ ಎಲ್ಲ ಕಂಡಿತು. ಕಾಲಿನಲ್ಲಿ ಉದ್ದಕ್ಕೆ ಹೆಪ್ಪು, ಎರಡೂ ಪುಪ್ಪುಸಗಳಲ್ಲಿ ತುಣುಕುಗಳು. ಐದು ದಿನ ಐಸಿಯು, ಆಮೇಲೆ ಒಂದು ವಾರ ವಾರ್ಡು. ಪಕ್ಕದ ಹಾಸಿಗೆಯ ಹೆಂಗಸಿಗೂ ನನ್ನದೇ ಕಾಯಿಲೆ ಎಂದು ನರ್ಸ್ ಹೇಳಿದ್ದಳು. ಆಕೆ ಮೂರನೆಯ ದಿನ ಸತ್ತಳು. ಪರದೆ ಎಳೆದರು, ಹಾಸಿಗೆ ಒರೆಸಿದರು, ಒಂದು ತಾಸಿನಲ್ಲಿ ಅಲ್ಲಿ ಬೇರೆ ಯಾರೋ ಇದ್ದರು. ನಾನು ಬದುಕಿದ್ದಕ್ಕೆ ಕಾರಣ ಹುಡುಕಬೇಡಿ. ನಾನೂ ಹುಡುಕಿ ಬಿಟ್ಟಿದ್ದೇನೆ. ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಸಂಗತಿಗಳು. ಬಾಯಿ ತೊಳೆಸುವಾಗ ನೀರು ಬೆಚ್ಚಗಿದೆಯೇ ಎಂದು ತನ್ನ ಕೈಮೇಲೆ ಹಾಕಿ ನೋಡುವ ಒಬ್ಬ ಆಯಾ ಇದ್ದಳು. ಅವಳ ಹೆಸರು ಕೇಳಿಕೊಳ್ಳಲಿಲ್ಲ ಎಂಬ ಕೊರಗು ಇದೆ.

ಡಿಸ್ಚಾರ್ಜಿನ ದಿನ ಅಲ್ಲಿನ ಡಾಕ್ಟರನ್ನು ನಾನೇ ಕೇಳಿದೆ, ತಿಕ್ಕಿದ್ದಕ್ಕೇ ಹೀಗಾಯಿತೇ ಎಂದು. ವಯಸ್ಸಾದವರು, ಗಡಿಯಾಚೆ ಓದಿ ಬಂದವರು, ಕನ್ನಡ ಚೆನ್ನಾಗಿತ್ತು.

“ತಿಕ್ಕದಿದ್ರೂ ಆಗಬಹುದಿತ್ತು. ತಿಕ್ಕಿದ್ದಕ್ಕ ಆಗಿರಬಹುದು. ಖಾತ್ರಿ ಯಾರೂ ಹೇಳಾಕ ಬರಂಗಿಲ್ಲ. ನಿಮ್ಮ ಅತ್ತಿಗೆ ಹೇಳೀರೇನು?”

“ಇಲ್ಲರಿ. ಹೇಳಿದ್ರ ಅವರು ಉಳಿಯಂಗಿಲ್ಲ.”

“ಹೇಳದಿದ್ರ ನಾಳೆ ಇನ್ನೊಬ್ಬರ ಕಾಲು ಹಿಡೀತಾರ” ಅಂದರು. “ಅವರು ಉಳೀತಾರೇನು?”

ಮನೆಗೆ ಬಂದೆ. ರಕ್ತ ತೆಳುವಾಗಿಸುವ ಗುಳಿಗೆ ದಿನಕ್ಕೆರಡು. ಹಲ್ಲುಜ್ಜಿದರೆ ಉಗುಳು ಕೆಂಪು, ಬಾಗಿಲಿಗೆ ಮೊಣಕೈ ತಾಕಿದರೆ ವಾರಗಟ್ಟಲೆ ನೀಲಿ. ಕಾಲು ಸಂಜೆಯ ಹೊತ್ತಿಗೆ ಭಾರ. ಅತ್ತೆ ಮೊದಲ ಸಂಜೆಯೇ ಎಣ್ಣೆ ಕಾಸಿ ತಂದರು. ಡಾಕ್ಟರು ಬೇಡ ಅಂದಿದ್ದಾರೆ ಎಂದೆ. “ಅವರಿಗೇನ ಗೊತ್ತೈತಿ” ಎಂದು ಬಟ್ಟಲು ಎತ್ತಿಕೊಂಡು ಹೋದರು. ನಾನು ಮಕ್ಕಳಿಗೆ ನಿಜ ಹೇಳಿ ಎಂದು ದಿನಾ ಗಂಟಲು ಹರಿದುಕೊಳ್ಳುವವಳು, ಮೂರು ವಾರ ನಿಜ ಹೇಳಲಿಲ್ಲ. ಒಮ್ಮೆ ಬೀರಪ್ಪನ ಮೇಲೆ ಹಾಕಿದೆ, ನಿಮ್ಮ ತಾಯಿ, ನೀವು ಹೇಳಿ ಎಂದು. ಅವರು ಕುರಿ ಬಿಟ್ಟುಕೊಂಡು ಹೊರಟುಬಿಟ್ಟರು. ಅವರ ಮೇಲೆ ಸಿಟ್ಟಾದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಒಬ್ಬೊಬ್ಬರು ಬಾಗಿಲಿಗೆ ಬಂದು “ಮಾಳವ್ವ ಅದಾಳೇನ?” ಎಂದು ಕೂಗಿದಾಗಲೂ ಎಲ್ಲಿ ನೋವು ಅನ್ನುತ್ತಾರೆ ಎಂದು ಕಿವಿಗೊಡುತ್ತಿದ್ದೆ. ಸೊಂಟ ಎಂದರೆ ಸಮಾಧಾನ, ಕುತ್ತಿಗೆ ಎಂದರೆ ಸಮಾಧಾನ.

ಒಂದು ರವಿವಾರ ಮಗ್ಗುಲ ಹೊಲದ ರೇಣುಕಾ ಬಂದಳು. ಕೂಸಿಗೆ ನಾಲ್ಕು ತಿಂಗಳು, ಕಂಕುಳಲ್ಲಿತ್ತು. ಬಲಗಾಲು ಎಳೆಯುತ್ತಿದ್ದಳು.

“ನಾಕ ದಿನಾ ಆತು, ಆಯಿ. ಇದೊಂದ ಕಾಲು ಊದೈತಿ. ಲಗೂನ ತಿಕ್ಕಿ ಕಳಸ್ರಿ, ಹಾಲ ಹಿಂಡೂದೈತಿ.”

“ಕುಂದ್ರವಾ” ಎಂದು ಅತ್ತೆ ಒಲೆಯ ಮೇಲೆ ಎಣ್ಣೆ ಇಟ್ಟರು. ನಾನು ಒಳಗಿನಿಂದ ನೋಡುತ್ತಿದ್ದೆ. ಹೇಗೆ ಹೇಳಬೇಕೆಂದು ಮೂರು ವಾರ ಮಾತು ಜೋಡಿಸಿದ್ದೆನಲ್ಲ, ಒಂದೂ ನೆನಪಿಗೆ ಬರಲಿಲ್ಲ. ಅತ್ತೆ ಅವಳ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡರು.

“ಮುಟ್ಟಬ್ಯಾಡ್ರಿ ಅತ್ತಿ!” ಎಂದು ಕಿರುಚಿದೆ. ಕೂಸು ಬೆಚ್ಚಿ ಅಳತೊಡಗಿತು.

ಹೇಳಿದೆ, ಎಲ್ಲವನ್ನೂ. ಒಂದೇ ಕಾಲು ಊದಿದರೆ, ಬಿಸಿಯಾದರೆ, ಅದರಲ್ಲಿ ರಕ್ತದ ಗಂಟಿರಬಹುದು, ತಿಕ್ಕಿದರೆ ಅದು ಕಿತ್ತು ಎದೆಗೆ ಹೋಗಬಹುದು, ನನಗೆ ಹೋದದ್ದು ಅದೇ. ರೇಣುಕಾ ಕಾಲು ಎಳೆದುಕೊಂಡಳು. ಅತ್ತೆ ನನ್ನ ಎಡಗಾಲಿನ ಕಡೆ ನೋಡಿದರು.

“ನಿನ್ನ ಕಾಲ ನಾ ಒಂಬತ್ತ ದಿನಾ ತಿಕ್ಕೇನಿ” ಅಂದರು.

“ನಿಮಗ ಗೊತ್ತಿರಲಿಲ್ಲ, ಅತ್ತಿ. ನನಗೂ ಗೊತ್ತಿರಲಿಲ್ಲ.”

“ಬಾಣಂತ್ಯಾರಿಗೂ ಹಿಂಗ ಆಗ್ತೈತೇನ?”

ಆಗ ನನಗೆ ಹೊಳೆಯಿತು. ಹೊಳೆಯಬಾರದಿತ್ತು. ಬಾಣಂತಿಯರಿಗೆ ಈ ಭಯ ಹೆಚ್ಚು ಎಂದು ಮಿರಜದ ಡಾಕ್ಟರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ನನ್ನ ಮುಖವೇ ಹೇಳಿರಬೇಕು.

“ನಮ್ಮ ಶಾಂತವ್ವಂದೂ ಎಡಗಾಲು ಊದಿತ್ತು” ಅಂದರು ಅತ್ತೆ. “ಹೆತ್ತ ಮರುದಿನದಿಂದ ಹನ್ನೊಂದ ದಿನಾ ತಿಕ್ಕೀನಿ. ನೋವಾಗ್ತೈತಿ, ಸಾಕ ಬಿಡವಾ ಅಂತಿದ್ಲು. ನಾ ಬಿಡಲಿಲ್ಲ.”

ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ನಾನು ಎದ್ದು ಇಳಿಸಿದೆ.

ಆ ದಿನವೇ ರೇಣುಕಾಳನ್ನು ಅವಳ ಗಂಡ ಜತ್ತಕ್ಕೆ ಕರೆದೊಯ್ದ. ಅದೇ ಡಾಕ್ಟರು, ಅದೇ ಟೇಪು, ಅದೇ ರಕ್ತ ಪರೀಕ್ಷೆ. ಅವರು ಬರುವವರೆಗೆ ಅತ್ತೆ ಹೊಸ್ತಿಲ ಮೇಲೆ ಕುಳಿತೇ ಇದ್ದರು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಊಟಕ್ಕೆ ಕರೆದೆ, ಬರಲಿಲ್ಲ. ನನ್ನ ಮಗಳು ಹೋಗಿ ಪಕ್ಕದಲ್ಲಿ ಕುಳಿತಳು. ಅವಳ ಬೆನ್ನ ಮೇಲೂ ಅವರು ಕೈ ಇಡಲಿಲ್ಲ.

ಸಂಜೆಯ ಹೊತ್ತಿಗೆ ರೇಣುಕಾ ನಗುತ್ತಲೇ ಬಂದಳು. “ಏನೂ ಇಲ್ಲಂತ, ಟೀಚರ! ಮುಳ್ಳ ನಟ್ಟು ಕೀವಾಗಿತ್ತಂತ, ಅದಕ ಊದೈತಿ. ಗುಳಗಿ ಕೊಟ್ಟಾರ.” ಹಿಮ್ಮಡಿಯ ಹತ್ತಿರ ಮುಳ್ಳು ಚುಚ್ಚಿದ್ದನ್ನು ಅವಳೇ ಮರೆತಿದ್ದಳು. ರಿಪೋರ್ಟನ್ನು ನನ್ನ ಕೈಗೆ ಕೊಟ್ಟಳು. ಓದಿದೆ. ಇರಬೇಕಾದ ಮಿತಿಯೊಳಗೇ ಇತ್ತು. ನನಗೆ ಸಿಗದ ಉತ್ತರ ಅವಳಿಗೆ ಸಿಕ್ಕಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅವಳ ಕೂಸನ್ನು ನೋಡಿ ಅದೂ ಇಳಿಯಿತು.

“ಇಲ್ಲಿ ತಾ” ಎಂದು ಅತ್ತೆ ಕಾಗದ ಇಸಿದುಕೊಂಡರು. ಅವರಿಗೆ ಓದಲು ಬಾರದು. “ಇಲ್ಲ ಅಂತ ಎಲ್ಲಿ ಬರದಾರ?”

ಬೆರಳಿಟ್ಟು ತೋರಿಸಿದೆ. ಆ ಸಾಲಿನ ಮೇಲೆ ಅವರು ಹೆಬ್ಬೆರಳು ಆಡಿಸಿದರು.

“ಅವಾಗ ಶಾಂತವ್ವನ ರಕ್ತ ತಗದು ನೋಡಿದ್ರ ಅಕೀದೂ ಹಿಂಗ ಇಲ್ಲ ಅಂತ ಬರತಿತ್ತೇನ?”

“ಬರತಿತ್ತರಿ, ಅತ್ತಿ” ಅಂದೆ. ಕಣ್ಣು ತಪ್ಪಿಸದೆ ಹೇಳಿದೆ. ಅವರಿಗಾಗಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರೇಣುಕಾಳ ಕಡೆ ಚಾಚಿದರು.

“ಇದು ನಿಂದವಾ” ಅಂದರು. “ನೀನ ಇಟ್ಕೊ.”